ಕುಂಬಳೆಯಿಂದ ಭಾಗಮಂಡಲಕ್ಕೆ ಕಾರಿನಲ್ಲಿ ಎರಡು ದಿನ: ಕಡಲ ದಾರಿಯಲ್ಲಿ, ಗುಡ್ಡದ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸಬೇಕು?

ಬಾಯಾರು ಕಡೆಯವ

ಎಲ್ಲರಿಗೂ ನಮಸ್ಕಾರ. ನಾವೀಗ ಇರುವುದು ಹೊಸೂರಿನಲ್ಲಿ. ಅಪ್ಪ ಅಮ್ಮ ಬಾಯಾರಿನ ಮನೆ ಬಿಟ್ಟು ನನ್ನ ಜೊತೆ ಬಂದು ಹದಿನೇಳು ವರ್ಷ ಆಯ್ತು. ನವೆಂಬರ್ ಕೊನೆಗೆ ಕುಂಬಳೆಯಲ್ಲಿ ತಂಗಿಯ ಮನೆ ಒಕ್ಕಲು ಉಂಟು. ಅದು ಮುಗಿದ ಮೇಲೆ ಎರಡು ದಿನ ಕೈಯಲ್ಲಿದೆ. ಕಾಸರಗೋಡು, ಬೇಕಲ ನೋಡಿ, ರಾಣಿಪುರಕ್ಕೆ ಹೋಗಿ, ಪಾಣತ್ತೂರು ಮಾರ್ಗವಾಗಿ ಭಾಗಮಂಡಲ ಸೇರಿ, ಅಲ್ಲಿಂದ ಮಡಿಕೇರಿ, ಮೈಸೂರು ಅಂತ ವಾಪಸು ಬರುವ ಯೋಚನೆ.

ಅಪ್ಪನಿಗೆ ಎಪ್ಪತ್ತೆರಡು. ಮೊಣಕಾಲು ನೋವು, ಮೆಟ್ಟಿಲು ಹೆಚ್ಚು ಹತ್ತಲಾಗುವುದಿಲ್ಲ. ಅವರು ಪ್ರಾಯದಲ್ಲಿ ನೀರಿಗಾಗಿ ಗುಡ್ಡಕ್ಕೆ ಸುರಂಗ ಕೊರೆಯುವ ಕೆಲಸ ಮಾಡಿದವರು. ಬಾಯಾರು, ಪಡ್ರೆ, ಶೇಣಿ ಕಡೆ ಎಷ್ಟೋ ತೋಟಗಳಲ್ಲಿ ಅವರು ಕೊರೆದ ಸುರಂಗ ಉಂಟು. ಆದರೆ ಬೇಕಲ ಕೋಟೆಯನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ. ಚಂದ್ರಗಿರಿ ಹೊಳೆ ಕಡಲು ಸೇರುವ ಜಾಗವನ್ನೂ ನೋಡಿಲ್ಲ. ಈ ಸಲ ತೋರಿಸಲೇಬೇಕು ಅಂತ ಮನಸ್ಸು. ದಾರಿ ತಿಳಿದವರು ಹೇಳಿ.

ಶಿರಿಯ ಸೇತುವೆ

ಕುಂಬಳೆಯಿಂದ ಕಾಸರಗೋಡಿಗೆ ಈಗ ಆರು ಪಥದ ರಾಷ್ಟ್ರೀಯ ಹೆದ್ದಾರಿ 66. ಹದಿನೈದು ಇಪ್ಪತ್ತು ನಿಮಿಷದ ದಾರಿ. ಒಂದು ಮಾತು ಮಾತ್ರ ಕೈಮುಗಿದು ಹೇಳ್ತೇನೆ, ಹೆದ್ದಾರಿಯ ಮೇಲೆ ಎಲ್ಲಿಯೂ ಫೋಟೋಕ್ಕೆ ಅಂತ ಗಾಡಿ ನಿಲ್ಲಿಸಬೇಡಿ. ಕಳೆದ ವರ್ಷ ಶಿರಿಯ ಹೊಳೆಯ ಸೇತುವೆ ದಾಟಿದ ಕೂಡಲೇ ನಾನು ಅಂಚಿಗೆ ನಿಲ್ಲಿಸಿದ್ದೆ. ಸಂಜೆಯ ಬೆಳಕು ನೀರಿನ ಮೇಲೆ ಬಿದ್ದಿತ್ತು, ಮಕ್ಕಳು ಇಳಿದರು. ಹಿಂದಿನಿಂದ ಬಂದ ಲಾರಿ ನಮ್ಮ ಕಾರಿನ ಕನ್ನಡಿ ಕಿತ್ತುಕೊಂಡು ಹೋಯಿತು. ಸಣ್ಣ ಮಗಳು ಬಾಗಿಲ ಹತ್ತಿರವೇ ಇದ್ದಳು. ಆ ದಿನ ನೆನಪಾದರೆ ಈಗಲೂ ಕೈ ತಣ್ಣಗಾಗ್ತದೆ. ನೋಡುವುದಿದ್ದರೆ ಮೊದಲೇ ಸರ್ವಿಸ್ ರಸ್ತೆಗೆ ಇಳಿಯಿರಿ. ಒಮ್ಮೆ ದಾರಿ ತಪ್ಪಿದರೆ ತಿರುಗಿ ಬರಲು ಸುಮಾರು ದೂರ ಹೋಗಬೇಕು.

ಪೆರಡಾಲ ಮಾಷ್ಟ್ರು

ನಾನು ಮೂವತ್ತೊಂದು ವರ್ಷ ಈ ತಾಲೂಕಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡಿದವ. ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೆ ಅಂತ ಲೆಕ್ಕವಿಲ್ಲ. ನಿಮ್ಮ ಅಪ್ಪ ಸುರಂಗ ಕೊರೆದವರು ಅಂತ ಓದಿದ ಮೇಲೆ ಹೇಳಬೇಕೆನಿಸಿತು. ಹೆದ್ದಾರಿಯ ನಕ್ಷೆ ಹಿಡಿದು ಹೋಗಬೇಡಿ, ನೀರಿನ ಹಿಂದೆ ಹೋಗಿ.

ನಮ್ಮ ಊರಿನ ನೀರು ಮೊದಲು ಬೀಳುವುದು ಪದವಿನ ಮೇಲೆ. ಪದವು ಅಂದರೆ ಗುಡ್ಡದ ತಲೆಯ ಮೇಲಿನ ಮುರಕಲ್ಲಿನ (ಜಂಬಿಟ್ಟಿಗೆಯ) ಬೋಳು ಬಯಲು, ಮರವಿಲ್ಲ, ಹುಲ್ಲು ಮಾತ್ರ. ಅದನ್ನು ಖಾಲಿ ಜಾಗ ಅಂತ ತಿಳಿದವರೇ ಹೆಚ್ಚು. ಆದರೆ ಮುರಕಲ್ಲಿನ ತುಂಬ ತೂತು. ಮಳೆಗಾಲದ ನಾಲ್ಕು ತಿಂಗಳು ಕುಡಿದ ನೀರನ್ನು ಅದು ಒಳಗಿಟ್ಟುಕೊಂಡು ಗುಡ್ಡದ ಬದಿಯಲ್ಲಿ ಮೆಲ್ಲ ಬಿಡ್ತದೆ. ಅದನ್ನು ಹುಡುಕಿಕೊಂಡು ಅಡ್ಡಕ್ಕೆ ಕೊರೆದದ್ದೇ ಸುರಂಗ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಹೊರಗೆ ಬರ್ತದೆ. ಮಿಕ್ಕಿದ್ದು ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ. ಈ ಸಾಲಿನಲ್ಲಿ ನಿಮ್ಮ ಎರಡು ದಿನವನ್ನು ಹೊಂದಿಸಿಕೊಳ್ಳಿ.

ಮೊದಲ ದಿನ ಬೆಳಿಗ್ಗೆ ಕುಂಬಳೆಯಿಂದ ಬಂದ್ಯೋಡಿಗೆ ಬಂದು, ಪೆರ್ಮುದೆ ಮಾರ್ಗವಾಗಿ ಧರ್ಮತ್ತಡ್ಕಕ್ಕೆ ಹೋಗಿ. ಅಲ್ಲೇ ಹತ್ತಿರ ಪೊಸಡಿ ಗುಂಪೆ ಗುಡ್ಡ. ಗಾಡಿ ಹೋಗುವಷ್ಟು ದೂರ ಹೋಗಿ, ಮತ್ತೆ ನಡೆಯಬೇಕು. ಏಳು ಗಂಟೆಯೊಳಗೆ ಮೇಲಿರಿ. ಆಕಾಶ ಸ್ವಚ್ಛ ಇದ್ದರೆ ಪಡುವಣಕ್ಕೆ ಕಡಲು, ಮೂಡಣಕ್ಕೆ ಕುದುರೆಮುಖದ ಸಾಲು, ಒಂದೇ ಕಡೆ ನಿಂತು ಎರಡೂ ಕಾಣ್ತದೆ. ಅಪ್ಪ ಅರ್ಧ ಹತ್ತಿದರೂ ಸಾಕು, ಕಡಲು ಕಾಣ್ತದೆ.

ಆಮೇಲೆ ನಿಮ್ಮದೇ ಬಾಯಾರು. ಮಧ್ಯಾಹ್ನದ ಮೇಲೆ ಪೆರ್ಲಕ್ಕೆ ಬಂದು ಬದಿಯಡ್ಕ, ಎಡನೀರು, ಚೆರ್ಕಳ ದಾರಿಯಲ್ಲಿ ಕಾಸರಗೋಡಿಗೆ ಇಳಿಯಿರಿ. ಎಡನೀರು ಮಠದಲ್ಲಿ ಹತ್ತು ನಿಮಿಷ ನಿಲ್ಲಿ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಬದಲಾಯಿಸಲಾಗದು ಅಂತ 1973ರಲ್ಲಿ ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹೂಡಿದ ಕೇಶವಾನಂದ ಭಾರತೀ ಸ್ವಾಮಿಗಳು ಇದ್ದದ್ದು ಇದೇ ಮಠದಲ್ಲಿ. ಕೇರಳದ ಭೂಸುಧಾರಣೆ ಕಾನೂನಿನಲ್ಲಿ ಮಠದ ಭೂಮಿ ಹೋಗುವ ವಿಷಯದಿಂದ ಶುರುವಾದದ್ದು ಅದು. ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ಮಧುವಾಹಿನಿ ಹೊಳೆಯ ಬದಿಯ ಇಷ್ಟು ಸಣ್ಣ ಊರು ಅದು.

ಬಾಯಾರು ಕಡೆಯವ

ಮಾಷ್ಟ್ರೇ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "ಮೆಲ್ಲ ಬಿಡ್ತದೆ" ಅನ್ನುವಲ್ಲಿ ತಲೆಯಾಡಿಸಿದರು. ಪದವಿನ ಮೇಲೆ ಹುಲ್ಲು ಸುಟ್ಟ ವರ್ಷ ಸುರಂಗದ ನೀರು ಬೇಗ ಇಳಿಯುತ್ತಿತ್ತು ಅಂತ ಹೇಳಿದರು. ಪದವಿನಲ್ಲಿ ಹೂ ನೋಡಲು ಸಿಗಬಹುದಾ ಅಂತ ಅಮ್ಮ ಕೇಳ್ತಿದ್ದಾರೆ.

ಪೆರಡಾಲ ಮಾಷ್ಟ್ರು

ಅಮ್ಮನವರಿಗೆ ಹೇಳಿ, ನವೆಂಬರಿಗೆ ತಡವಾಯಿತು. ಸೀತೆಯ ಕಣ್ಣೀರು ಅನ್ನುವ ಸಣ್ಣ ನೀಲಿ ಹೂ ಆಗಸ್ಟ್, ಸೆಪ್ಟೆಂಬರಿನಲ್ಲಿ. ಓಣಂ ಹೂವಿನ ರಂಗೋಲಿಗೆ ಮಲಯಾಳಿ ಮಕ್ಕಳು ಕಾಕ್ಕಪ್ಪೂ ಅಂತ ಕೊಯ್ಯುವುದು ಇದನ್ನೇ. ನೀವು ಬರುವಾಗ ಹುಲ್ಲು ಚಿನ್ನದ ಬಣ್ಣಕ್ಕೆ ತಿರುಗಿರ್ತದೆ. ಅದೂ ಚಂದವೇ.

ಎಣ್ಮಕಜೆ ಅಕ್ಕ

ಪೆರ್ಲದ ಕಡೆಯಿಂದ ಬರುವುದಾದರೆ ನನ್ನದೊಂದು ಮಾತು. ದಾರಿಯುದ್ದಕ್ಕೂ ಗೇರು ಗುಡ್ಡಗಳು ಕಾಣ್ತವೆ, ನೋಡಲು ಹಸಿರು. ಆ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಮಾಷ್ಟ್ರು ಹೇಳಿದ ನೀರಿನ ದಾರಿಯಲ್ಲೇ ಅದೂ ಇಳಿಯಿತು. ಗುಡ್ಡದ ತಲೆಯಿಂದ ತೋಡಿಗೆ, ಸುರಂಗಕ್ಕೆ, ಕುಡಿಯುವ ಕೊಡಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಆದರೆ ಹಾಸಿಗೆಯಿಂದ ಏಳಲಾಗದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರನ್ನು ಎತ್ತುವ ತಾಯಂದಿರಿಗೆ ಪ್ರಾಯ ಆಗಿದೆ.

ಇಲ್ಲಿ ನಿಲ್ಲಬೇಡಿ ಅಂತ ಹೇಳುವುದಲ್ಲ. ನಿಲ್ಲಿ, ಗುಡ್ಡ ನೋಡಿ, ಪೇಟೆಯಲ್ಲಿ ಚಾ ಕುಡಿಯಿರಿ. ಮನೆಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ, ಅಷ್ಟೇ. ಬಂದು ಫೋಟೋ ತೆಗೆದು ಹೋದವರು ನಮಗೆ ಸಾಕಾಗಿದ್ದಾರೆ.

ಬಾಯಾರು ಕಡೆಯವ

ಖಂಡಿತ ಅಕ್ಕ. ಪಡ್ರೆಯಲ್ಲಿ ನಮ್ಮ ದೊಡ್ಡಮ್ಮನ ಮನೆ ಇತ್ತು. ಗೊತ್ತುಂಟು.

ಗಿಳಿವಿಂಡು

ಮಂಜೇಶ್ವರಕ್ಕೆ ಹೋಗುವುದಿಲ್ಲವಾ? ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಉಂಟು, ಕಣ್ವತೀರ್ಥದ ಕಡಲು ಉಂಟು.

ಶಿರಿಯ ಸೇತುವೆ

ಅದು ಕುಂಬಳೆಯಿಂದ ಬಡಗಿಗೆ, ಇವರು ಹೋಗುವುದು ತೆಂಕಿಗೆ. ಮಂಗಳೂರಿನಿಂದ ಬರುವವರಿಗೆ ಸರಿ. ಅನಂತಪುರದ ಕೆರೆ ದೇವಸ್ಥಾನ ಬೇಕಾದರೆ ನೋಡಬಹುದು. ನಾಯ್ಕಾಪಿನಲ್ಲಿ ತಿರುಗಿದರೆ ಆಯ್ತು, ತಂಗಿ ಮನೆಯಿಂದ ಹತ್ತಿರ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು, ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿದೆ. ಮನೆ ಒಕ್ಕಲಿನ ದಿನವೇ ಬೆಳಿಗ್ಗೆ ಹೋಗಿ ಬನ್ನಿ.

ಕಡಪ್ಪುರದವಳು

ಕಾಸರಗೋಡಿನಿಂದ ತೆಂಕಿಗೆ ನಾನು ಹೇಳ್ತೇನೆ, ನನ್ನ ಮನೆ ಆ ಕಡೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮೊಬೈಲಿನ ನಕ್ಷೆ ಕೇಳಿದರೆ ಅದು ನಿಮ್ಮನ್ನು ಚೆರ್ಕಳ, ಪೊಯಿನಾಚಿ, ಪೆರಿಯ ಅಂತ ಒಳಗಿನ ರಾಷ್ಟ್ರೀಯ ಹೆದ್ದಾರಿಗೆ ಎಳೆಯಬಹುದು. ಆ ದಾರಿಯಲ್ಲಿ ಕಡಲು ಕಾಣುವುದೇ ಇಲ್ಲ. ಚೆರ್ಕಳದಿಂದ ಕಾಸರಗೋಡು ಪೇಟೆಗೆ ಬನ್ನಿ, ಪ್ರೆಸ್ ಕ್ಲಬ್ ಜಂಕ್ಷನಿನಿಂದ ಚಂದ್ರಗಿರಿ ಸೇತುವೆಯ ದಾರಿ ಹಿಡಿಯಿರಿ. ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು, ಬೇಕಲ. ಇದು ಹಳೆಯ ಕಡಲ ದಾರಿ.

ಸೇತುವೆ ದಾಟಿದ ಮೇಲೆ ಚಂದ್ರಗಿರಿ ಕೋಟೆ. ಬೇಕಲದ ಹೆಸರಿನ ಮುಂದೆ ಇದನ್ನು ಯಾರೂ ಕೇಳುವುದಿಲ್ಲ. ನನಗೆ ಬೇಕಲಕ್ಕಿಂತ ಇದೇ ಹತ್ತಿರ. ಹದಿನೇಳನೇ ಶತಮಾನದಲ್ಲಿ ಬಿದನೂರಿನ ಶಿವಪ್ಪ ನಾಯಕ ಕಟ್ಟಿಸಿದ್ದು. ಒಳಗೆ ಹುಲ್ಲು ಬೆಳೆದಿರ್ತದೆ, ಜನ ಇರುವುದಿಲ್ಲ. ಗೋಡೆಯ ಹತ್ತಿರ ನಿಂತರೆ ಕೆಳಗೆ ಹೊಳೆ, ಆಚೆ ದಡದಲ್ಲಿ ತೆಂಗು, ಪಡುವಣದಲ್ಲಿ ಅಳಿವೆ. ಭರತದ ಹೊತ್ತಿಗೆ ಹೋದರೆ ಕಡಲಿನ ನೀರು ಹೊಳೆಯೊಳಗೆ ಹತ್ತುವುದು ಕಣ್ಣಿಗೆ ಕಾಣ್ತದೆ. ಹೊಳೆಯ ಬಣ್ಣ ಒಂದು, ಕಡಲಿನದ್ದು ಇನ್ನೊಂದು, ನಡುವೆ ನೊರೆಯ ಗೆರೆ. ನಿಮ್ಮ ಅಪ್ಪ ನೋಡಬೇಕಾದ ಜಾಗ ಇದು.

ಪೆರಡಾಲ ಮಾಷ್ಟ್ರು

ಕಡಪ್ಪುರದ ತಂಗಿ ಸರಿಯಾಗಿ ಹೇಳಿದರು. ಒಂದು ಮಾತು ಸೇರಿಸುತ್ತೇನೆ. ತುಳುನಾಡಿನ ತೆಂಕಣ ಗಡಿ ಅಂತ ಹಿಂದಿನವರು ಹೇಳಿದ್ದು ಈ ಹೊಳೆಯನ್ನೇ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯಿಂದ ಬಡಗಿನ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಬರೆದದ್ದೂ ಈ ಹೊಳೆಯನ್ನು ಗೆರೆ ಮಾಡಿಕೊಂಡೇ. ಆಗಲಿಲ್ಲ, ಅದು ಬೇರೆ ಮಾತು. ಆದರೆ ಆ ಸೇತುವೆ ದಾಟುವಾಗ ನಮ್ಮ ಪ್ರಾಯದವರು ಯಾರೂ ಸುಮ್ಮನೆ ದಾಟುವುದಿಲ್ಲ.

ಬಾಯಾರು ಕಡೆಯವ

ಬೇಕಲದಲ್ಲಿ ಅಪ್ಪನಿಗೆ ನಡೆಯಲು ಕಷ್ಟ ಆಗಬಹುದಾ?

ಕಡಪ್ಪುರದವಳು

ಬೇಕಲ ಸುಮಾರು 40 ಎಕರೆ. ಪೂರ್ತಿ ಸುತ್ತಬೇಡಿ. ಬಾಗಿಲ ಹತ್ತಿರ ಮುಖ್ಯಪ್ರಾಣನ ಗುಡಿ, ಅಲ್ಲಿಂದ ಒಳಗೆ ಸಮತಟ್ಟು ದಾರಿ. ನಡುವಿನ ವೀಕ್ಷಣಾ ಬುರುಜಿಗೆ ಇಳಿಜಾರಿನ ದಾರಿ ಉಂಟು, ಕೈ ಹಿಡಿದು ಮೆಲ್ಲ ಹತ್ತಿಸಬಹುದು. ಕಡಲ ಕಡೆಯ ಬುರುಜುಗಳಿಗೆ ಇಳಿಯುವಾಗ ಜಾಗ್ರತೆ. ಗೋಡೆಯಲ್ಲಿ ಬೀಗದ ಕೈ ಹಾಕುವ ತೂತಿನ ಹಾಗೆ ಕಂಡಿಗಳು ಉಂಟು, ಕೋವಿ ಇಟ್ಟು ಹೊಡೆಯಲು ಮಾಡಿದ್ದು. ಅದರೊಳಗೆ ಕಣ್ಣಿಟ್ಟು ನೋಡಿ. ಕೆಲವು ದೂರಕ್ಕೆ ಗುರಿ, ಕೆಲವು ಗೋಡೆಯ ಬುಡಕ್ಕೇ ಗುರಿ.

ಬಿಸಿಲೇರಿದ ಮೇಲೆ ಹೋಗಬೇಡಿ, ಮುರಕಲ್ಲು ಕಾದು ಒಲೆಯ ಹಾಗಾಗ್ತದೆ, ನೆರಳು ಕಡಿಮೆ. ಮತ್ತೆ, ಸೂರ್ಯ ಮುಳುಗುವುದನ್ನು ಕೋಟೆಯೊಳಗೆ ನೋಡುತ್ತೇನೆ ಅಂತ ತಡಮಾಡಿ ಹೋಗಬೇಡಿ, ಅದಕ್ಕೆ ಮೊದಲೇ ಹೊರಗೆ ಕಳಿಸ್ತಾರೆ. ಸೂರ್ಯಾಸ್ತಕ್ಕೆ ಪಕ್ಕದ ಪಳ್ಳಿಕ್ಕರೆ ಕಡಲ ಕರೆಯಲ್ಲಿ ಕೂರಿ.

ಪಾಣತ್ತಡಿ ಜೀಪು

ಎರಡನೇ ದಿನ ನನ್ನ ದಾರಿ. ಈ ರೂಟಿನಲ್ಲಿ ಹನ್ನೆರಡು ವರ್ಷದಿಂದ ಜೀಪು ಓಡಿಸ್ತಿದ್ದೇನೆ.

ರಾತ್ರಿ ಹೊಸದುರ್ಗದಲ್ಲಿ ಉಳಿಯಿರಿ. ನಕ್ಷೆಯಲ್ಲಿ, ಬೋರ್ಡಿನಲ್ಲಿ ಕಾಞಂಗಾಡ್ ಅಂತ ಇರ್ತದೆ, ಗಾಬರಿ ಬೇಡ, ಒಂದೇ ಊರು. ಬೆಳಿಗ್ಗೆ ಬೇಗ ಹೊರಡಿ. ರಾಜಪುರ, ಕೋಳಿಚ್ಚಾಲ್, ಪಾಣತ್ತಡಿ. ಕೋಳಿಚ್ಚಾಲಿನಲ್ಲಿ ಗುಡ್ಡದ ಹೆದ್ದಾರಿ ಬಂದು ಸೇರ್ತದೆ. ನಮ್ಮ ಬಡಗು ತುದಿಯ ನಂದಾರಪದವಿನಿಂದ ಶುರುವಾಗಿ ತಿರುವನಂತಪುರದ ಪಾರಶಾಲೆವರೆಗೆ ಹೋಗುವ ಮಲಯೋರ ಹೆದ್ದಾರಿ ಅದು. ಮುಂದಿನ ಸಲ ಬಂದರೆ ಮುಳ್ಳೇರಿಯ, ಬಂದಡ್ಕದ ಮೇಲಿಂದ ಆ ದಾರಿಯಲ್ಲೇ ಬನ್ನಿ.

ಪಾಣತ್ತಡಿಯಲ್ಲಿ ರಾಣಿಪುರಕ್ಕೆ ತಿರುಗುವುದು. ಹಿಂದೆ ಮಾಡತ್ತುಮಲೆ ಅಂತ ಹೆಸರು. 1970ರಲ್ಲಿ ಕೋಟ್ಟಯಂನ ಕ್ರೈಸ್ತ ಧರ್ಮಪ್ರಾಂತ್ಯ ಜಾಗ ತೆಗೆದುಕೊಂಡು ಜನ ಬಂದು ನೆಲೆಸಿದ ಮೇಲೆ ಮೇರಿ ಮಾತೆಯ ಹೆಸರಿನಲ್ಲಿ ರಾಣಿಪುರ ಆಯಿತು. ಅರಣ್ಯ ಇಲಾಖೆಯ ಟಿಕೆಟು ಮಾಡಿ ನಡೆಯಬೇಕು. ಮೊದಲು ದಟ್ಟ ಕಾಡು, ಆಮೇಲೆ ಒಮ್ಮೆಲೇ ತೆರೆದ ಹುಲ್ಲುಗಾವಲು. ಅಪ್ಪನವರಿಗೆ ಆಗಲಿಕ್ಕಿಲ್ಲ, ಹೇಳಿಬಿಡ್ತೇನೆ. ಏರು ಉಂಟು, ಬೇರು ಉಂಟು, ಮಳೆ ಬಿದ್ದಿದ್ದರೆ ಉಂಬಳದ ಕಾಟ. ನೀವೊಬ್ಬರೇ ಹೋಗಿ ಬರುವುದಾದರೂ ಅವರಿಬ್ಬರು ಕೆಳಗೆ ತಾಸುಗಟ್ಟಲೆ ಕಾಯಬೇಕು.

ಅದರ ಬದಲು ಆ ಸಮಯವನ್ನು ಪಾಣತ್ತೂರು, ಕರಿಕೆ, ಭಾಗಮಂಡಲ ದಾರಿಗೆ ಕೊಡಿ. ಕರಿಕೆಯಿಂದ ಮೇಲೆ ಕಾಡಿನೊಳಗೇ ರಸ್ತೆ. ಅಗಲ ಕಡಿಮೆ, ತಿರುವು ಜಾಸ್ತಿ. ಎದುರಿನಿಂದ ಬರುವ ಗಾಡಿಗೆ ಹಾರ್ನು ಕೊಟ್ಟು, ಏರು ಹತ್ತುವವರಿಗೆ ದಾರಿ ಬಿಟ್ಟು ಹೋಗಬೇಕು. ಆನೆ ಓಡಾಡುವ ಜಾಗ, ಹಾಗಾಗಿ ಸಂಜೆಯಾದ ಮೇಲೆ ಬೇಡ. ಬಿದಿರು ಮುರಿದು ಬಿದ್ದದ್ದು, ಬಿಸಿ ಲದ್ದಿ ಕಂಡರೆ ಗಾಡಿಯಿಂದ ಇಳಿಯಬೇಡಿ. ಹೊಸದುರ್ಗದಲ್ಲೇ ಪೆಟ್ರೋಲು ತುಂಬಿಸಿ. ಕಾಡಿನಲ್ಲಿ ಮೊಬೈಲು ಸಿಗುವುದಿಲ್ಲ. ಮಳೆಗಾಲದಲ್ಲಿ ಆಗಿದ್ದರೆ ಈ ದಾರಿ ಬೇಡ ಅಂತಲೇ ಹೇಳ್ತಿದ್ದೆ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದದ್ದು ನಮಗೆ ಮರೆತಿಲ್ಲ.

ಪೆರಡಾಲ ಮಾಷ್ಟ್ರು

ಜೀಪಿನವರೇ, ಪಟ್ಟಿಘಾಟಿನ ವಿಷಯ ಹೇಳಲು ಬಿಟ್ಟಿರಿ. ಚಂದ್ರಗಿರಿ ಸೇತುವೆಯಲ್ಲಿ ದಾಟಿದ ಹೊಳೆಗೆ ಮೇಲಿನ ಹೆಸರು ಪಯಸ್ವಿನಿ. ಅದು ಹುಟ್ಟುವುದು ಕೊಡಗಿನ ಈ ಪಟ್ಟಿಘಾಟ್ ಕಾಡಿನ ಮಗ್ಗುಲಲ್ಲಿ. ಸುಳ್ಯ, ಜಾಲ್ಸೂರು ಸುತ್ತಿ ನಮ್ಮ ಜಿಲ್ಲೆಗೆ ಬಂದು, ಒಟ್ಟು 105 ಕಿ.ಮೀ. ಹರಿದು ಕಾಸರಗೋಡಿನಲ್ಲಿ ಕಡಲು ಸೇರ್ತದೆ. ಅದೇ ಸಾಲಿನ ಆಚೆ ಬದಿಯಲ್ಲಿ ಕಾವೇರಿ. ಒಂದೇ ಮೋಡದ ನೀರು, ದಿಣ್ಣೆಯ ಈಚೆ ಬಿದ್ದದ್ದು ಅರಬ್ಬೀ ಕಡಲಿಗೆ, ಆಚೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ನಿಮ್ಮ ಅಪ್ಪನಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ, ನೋಡಿದರೆ ಗೊತ್ತಾಗ್ತದೆ.

ಬಾಯಾರು ಕಡೆಯವ

*(ಡಿಸೆಂಬರ್ ಮೊದಲ ವಾರ)*

ಹೋಗಿ ಬಂದೆವು. ದಾರಿ ಹೇಳಿದವರಿಗೆಲ್ಲ ಹೇಗಾಯಿತು ಅಂತ ತಿಳಿಸುವುದು ನನ್ನ ಕೆಲಸ.

ಪೊಸಡಿ ಗುಂಪೆಯಲ್ಲಿ ಅಪ್ಪ ಅರ್ಧ ಹತ್ತಿ ಒಂದು ಬಂಡೆಯ ಮೇಲೆ ಕೂತರು. ಮಂಜು ಇತ್ತು, ಕುದುರೆಮುಖ ಕಾಣಲಿಲ್ಲ. ಕಡಲು ಬೆಳ್ಳಿಯ ಗೆರೆಯ ಹಾಗೆ ಕಾಣಿಸಿತು. ಪಕ್ಕದ ಪದವಿನಲ್ಲಿ ಮುರಕಲ್ಲು ಕಡಿಯುವ ಯಂತ್ರದ ಸದ್ದು ಕೇಳುತ್ತಲೇ ಇತ್ತು. ಅಪ್ಪ ಆ ಕಡೆಗೇ ಕಿವಿಯಿಟ್ಟು ಕೂತಿದ್ದರು. "ತಲೆ ತೆಗೆದರೆ ಸುರಂಗಕ್ಕೆ ನೀರೆಲ್ಲಿಂದ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಾಯಾರಿನಲ್ಲಿ ನಮ್ಮ ಹಳೆಯ ಮನೆ ಈಗ ಬೇರೆಯವರದ್ದು. ಅವರು ಒಳ್ಳೆಯವರು, ತೋಟಕ್ಕೆ ಕರೆದುಕೊಂಡು ಹೋದರು. ಸುರಂಗದ ಬಾಯಿಯಲ್ಲಿ ಜರಿಗಿಡ ತುಂಬಿತ್ತು. ಒಳಗಿನಿಂದ ತಣ್ಣನೆ ಗಾಳಿ. ಪೆನ್ಸಿಲಿನಷ್ಟು ದಪ್ಪ ನೀರು ಅಡಕೆ ದಂಬೆಯಲ್ಲಿ ಹರಿದು ಸಿಮೆಂಟಿನ ತೊಟ್ಟಿಗೆ ಬೀಳ್ತಿತ್ತು. ಅಪ್ಪ ಬಗ್ಗಿ, ಮೊಬೈಲಿನ ಬೆಳಕು ಹಿಡಿಯಲು ಹೇಳಿದರು. ನಾಲ್ಕೈದು ಹೆಜ್ಜೆ ಒಳಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟರು. ಪಿಕ್ಕಾಸಿನ ಗುರುತುಗಳು ಹಾಗೇ ಇದ್ದವು, ಓರೆಯಾಗಿ, ಒಂದರ ಪಕ್ಕ ಒಂದು. ಸ್ವಲ್ಪ ಮುಂದೆ ಗುರುತುಗಳು ಇನ್ನೊಂದು ಬದಿಗೆ ಓರೆ. "ಇದು ಅಣ್ಣನದ್ದು. ಅವನು ಎಡಗೈಯವ" ಅಂದರು. ದೊಡ್ಡಪ್ಪ ತೀರಿಕೊಂಡು ಇಪ್ಪತ್ತು ವರ್ಷ ಮೇಲಾಯ್ತು. ಇಬ್ಬರೂ ಸರದಿಯಲ್ಲಿ ಕೊರೆಯುತ್ತಿದ್ದರಂತೆ. ಮೊಂಬತ್ತಿ ಮಂಕಾದರೆ ಉಸಿರಿಗೆ ಗಾಳಿ ಸಾಲದು ಅಂತ ಲೆಕ್ಕ, ಕೂಡಲೇ ಹೊರಗೆ ಬರುವುದು. ನಾನು ಇದನ್ನೆಲ್ಲ ಮೊದಲು ಕೇಳಿಯೇ ಇರಲಿಲ್ಲ.

ಅಲ್ಲೇ ಹೊತ್ತು ಹೋಯಿತು. ಎಡನೀರಿನಲ್ಲಿ ನಿಲ್ಲಲು ಆಗಲಿಲ್ಲ, ಮಾಷ್ಟ್ರು ಕ್ಷಮಿಸಬೇಕು. ಚಂದ್ರಗಿರಿ ಕೋಟೆಗೆ ಮುಟ್ಟುವಾಗ ಐದು ಗಂಟೆ. ನೊರೆಯ ಗೆರೆ ಕಂಡಿತು ಕಡಪ್ಪುರದ ಅಕ್ಕ, ನೀವು ಹೇಳಿದ ಹಾಗೆಯೇ. ಅಪ್ಪ ಗೋಡೆಗೆ ಒರಗಿ ನಿಂತವರು ಕತ್ತಲಾಗುವವರೆಗೆ ಹೊರಡಲಿಲ್ಲ. ಬೇಕಲಕ್ಕೆ ಮರುದಿನ ಬೆಳಿಗ್ಗೆ ಹೋದೆವು. ಅಮ್ಮ ಬುರುಜು ಹತ್ತಿದರು, ಅಪ್ಪ ಕೆಳಗೆ ನಿಂತು ಗೋಡೆಯ ಕಲ್ಲುಗಳ ಸಂದು ನೋಡುತ್ತಿದ್ದರು. ರಾಣಿಪುರ ಬಿಟ್ಟೆವು.

ಕರಿಕೆ ದಾಟಿದ ಮೇಲೆ ಜೀಪಿನಣ್ಣ ಹೇಳಿದ ಹಾಗೇ ಕಾಡು. ಒಂದು ಸಣ್ಣ ಮೋರಿಯ ಹತ್ತಿರ, ಲದ್ದಿ ಏನೂ ಕಾಣದ ಕಡೆ, ಐದು ನಿಮಿಷ ನಿಲ್ಲಿಸಿದೆ. ಬಂಡೆಯ ಸಂದಿನಿಂದ ನೀರು ಬರ್ತಿತ್ತು. ಅಪ್ಪ ಬಾಟ್ಲಿ ತುಂಬಿಸಿಕೊಂಡರು. ಭಾಗಮಂಡಲದ ಸಂಗಮದಲ್ಲಿ ಕಾಲು ತೊಳೆದು ಹೊರಬಂದ ಮೇಲೆ ಆ ಬಾಟ್ಲಿಯ ನೀರು ಒಂದು ಗುಟುಕು ಕುಡಿದು ನನಗೂ ಕೊಟ್ಟರು. "ಇದು ನಮ್ಮ ಕಡೆಯದ್ದು" ಅಂದರು.

ಕಡಪ್ಪುರದವಳು

ಓದಿ ಕಣ್ಣು ತುಂಬಿತು. ಮುಂದಿನ ಸಲ ನಮ್ಮ ಮನೆಗೆ ಊಟಕ್ಕೆ ಬನ್ನಿ.

ಪೆರಡಾಲ ಮಾಷ್ಟ್ರು

ಎಡನೀರು ಅಲ್ಲಿಯೇ ಇರ್ತದೆ, ಕ್ಷಮೆ ಎಂತಕ್ಕೆ? ಒಂದು ಕೇಳಬೇಕು. ಆ ಸುರಂಗದಲ್ಲಿ ಏಪ್ರಿಲ್ ಕೊನೆಗೆ ನೀರು ಇರ್ತದಾ? ತೋಟದವರು ಏನಾದರೂ ಹೇಳಿದರಾ? ಹತ್ತಿರದ ಪದವಿನಲ್ಲಿ ಕಲ್ಲು ಕಡಿಯಲು ಶುರುವಾದ ಮೇಲೆ ವ್ಯತ್ಯಾಸ ಆಗಿದೆಯಾ ಅಂತ ತಿಳಿಯಬೇಕಿತ್ತು.

ಬಾಯಾರು ಕಡೆಯವ

ಹಿಂದೆ ಬೇಸಿಗೆಯಲ್ಲೂ ಬತ್ತಿದ್ದಿಲ್ಲವಂತೆ, ಈಗ ಎರಡು ವರ್ಷದಿಂದ ಮಾರ್ಚಿಗೇ ತೊಟ್ಟಿ ತುಂಬುವುದಿಲ್ಲ ಅಂತ ಹೇಳಿದರು. ಅಪ್ಪ ಬಂದಾಗಿನಿಂದ ಅದನ್ನೇ ಯೋಚಿಸ್ತಿದ್ದಾರೆ. ಅವರು ಅಲ್ಲಿ ಒಂದು ಕೊಡಪಾನ ಇಟ್ಟು ತುಂಬಲು ಎಷ್ಟು ಹೊತ್ತು ಅಂತ ನೋಡಿದ್ದರು, ಆರೂವರೆ ನಿಮಿಷ. ಏಪ್ರಿಲಿನಲ್ಲಿ ಮಕ್ಕಳಿಗೆ ರಜೆ. ಆಗ ಅದೇ ಕೊಡಪಾನ ಇಟ್ಟು ನೋಡಿ ಇಲ್ಲಿ ಬರೆಯುತ್ತೇನೆ.